512 ಜಿಬಿ ಡಿಸ್ಕಿನಲ್ಲಿ ಜಾಗವಿಲ್ಲವಂತೆ!

ನಿನ್ನೆ ರಾತ್ರಿ ನಾನು ಮಾಡಿದ ಅಪರಾಧ ಇಷ್ಟೇ: ಮೂರು ದಿನದಿಂದ ಪರದೆಯ ಮೂಲೆಯಲ್ಲಿ ಇಣುಕುತ್ತಿದ್ದ ಅಪ್‌ಡೇಟ್ ಸೂಚನೆಗೆ ಸೋತು ‘ಸರಿ’ ಎಂದು ಒತ್ತಿದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹೊಸ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಇಳಿಯಿತು, ರೀಸ್ಟಾರ್ಟ್ ಮಾಡಿ ಎಂದಿತು, ಮಾಡಿದೆ.

ನನ್ನ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಅದಕ್ಕೆ ಗುಪ್ತ ಬೀಗ ಹಾಕಿದೆ. ಹಾಗಾಗಿ ದಿನವೂ ಮೊದಲು ಪಾಸ್‌ವರ್ಡ್ ಕೇಳುತ್ತದೆ. ನಿನ್ನೆ ಕೇಳಲಿಲ್ಲ. ಕಪ್ಪು ಪರದೆಯ ತುಂಬ ಬಿಳಿ ಅಕ್ಷರಗಳು ಸುರಿದವು, ಕೊನೆಗೆ ‘ಕರ್ನಲ್ ಪ್ಯಾನಿಕ್’ ಎಂದು ನಿಂತಿತು. ಇಡೀ ಸಿಸ್ಟಮ್‌ನ ಫೈಲುಗಳಿರುವ ರೂಟ್ ಫೈಲ್ ಸಿಸ್ಟಮ್ ಸಿಗಲಿಲ್ಲವಂತೆ. ಹುಡುಕಿದ್ದು ಯಾವ ಡಿಸ್ಕಿನಲ್ಲಿ? ‘ಸೊನ್ನೆ, ಸೊನ್ನೆ’ ಎಂಬ ಗುರುತಿಲ್ಲದ ಡಿಸ್ಕಿನಲ್ಲಿ. ಕ್ಯಾಪ್ಸ್ ಲಾಕ್ ದೀಪವೊಂದು ಮಿಣುಕುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕೊಡಬೇಕಾದ ವರದಿ ಅದರ ಹೊಟ್ಟೆಯೊಳಗಿದೆ. ಗಾಬರಿಯಾಗಬೇಕಾದವಳು ನಾನು, ಗಾಬರಿಯಾದದ್ದು ಅದಕ್ಕಂತೆ!

ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. “ಎಲ್ಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ ಮೇಡಂ, ಅರ್ಧ ಗಂಟೆಯ ಕೆಲಸ” ಎಂದರು. ನೆಗಡಿಯಾದರೆ ಮೂಗು ಕೊಯ್ಯುವ ಈ ವೈದ್ಯರು ಎಲ್ಲ ಕಡೆ ಇರುತ್ತಾರೆ.

ಹಳೆಯ ಕರ್ನಲ್ ಇನ್ನೂ ಇರುತ್ತದೆ, ಯಾವ ಕರ್ನಲ್‌ನಿಂದ ಶುರುವಾಗಬೇಕೆಂದು ಕೇಳುವ ಗ್ರಬ್ ಮೆನುವಿಗೆ ಹೋಗಿ ಅದನ್ನು ಆರಿಸಿದರೆ ಸಾಕು ಎಂಬುದು ನನಗೂ ಗೊತ್ತಿತ್ತು. ಆದರೆ ಆ ಮೆನುವನ್ನು ಕಾಣುವುದೇ ಒಂದು ತಪಸ್ಸು. ಎಸ್ಕೇಪ್ ಕೀಲಿಯನ್ನು ಬೇಗ ಒತ್ತಿದರೆ ಯಂತ್ರವನ್ನು ಮೊದಲು ಎಬ್ಬಿಸುವ ಬಯಾಸ್ ಹಿಡಿದುಕೊಳ್ಳುತ್ತದೆ. ತಡವಾದರೆ ಮತ್ತದೇ ಪ್ಯಾನಿಕ್. ಸಿಟ್ಟಿನಲ್ಲಿ ಎರಡು ಸಲ ಒತ್ತಿದರೆ ಮೆನುವನ್ನೂ ದಾಟಿ, ‘ಗ್ರಬ್’ ಎಂಬ ಒಂದೇ ಪದದ ಮುಂದೆ ಕರ್ಸರ್ ಕಣ್ಣು ಮಿಟುಕಿಸುತ್ತಾ ಕೂರುತ್ತದೆ. ಏಳನೆಯ ಸಲಕ್ಕೆ ದರ್ಶನವಾಯಿತು. ಹಳೆಯ ಕರ್ನಲ್ ಆರಿಸಿದೆ. ಪಾಸ್‌ವರ್ಡ್ ಕೇಳಿಸಿಕೊಂಡು ಇಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಇದೇ ಮೊದಲು.

ಒಳಗೆ ಹೋಗಿ ನೋಡಿದರೆ ಬೂಟ್ ಪಾರ್ಟಿಷನ್, ಅಂದರೆ ಕರ್ನಲ್‌ಗಳಿಗೆಂದು ಡಿಸ್ಕಿನಲ್ಲಿ ಮೀಸಲಿಟ್ಟ ಪಾಲು, ತುಂಬಿ ತುಳುಕುತ್ತಿದೆ. ಡಿಸ್ಕ್ 512 ಜಿಬಿ, ಅರ್ಧಕ್ಕಿಂತ ಹೆಚ್ಚು ಖಾಲಿ. ಬೂಟ್‌ಗೆ ಮಾತ್ರ 512 ಎಂಬಿ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಈ ಪಾಲು ಮಾಡಿದ್ದು ನಾನಲ್ಲ, ಎನ್‌ಕ್ರಿಪ್ಷನ್ ಬೇಕೆಂದಾಗ ಇನ್‌ಸ್ಟಾಲರ್ ತಾನೇ ಮಾಡಿಕೊಂಡದ್ದು. ಪ್ರತಿ ಕರ್ನಲ್ ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟೊಂದು ಇರಬೇಕು. ಡಿಸ್ಕಿನ ಬೀಗ ತೆರೆಯುವ ಸಾಮಗ್ರಿ ಇರುವುದು ಅದರಲ್ಲೇ. ನನ್ನಲ್ಲಿ ಆ ಗಂಟು ಒಂದೊಂದೂ 120 ಎಂಬಿ. ಹಳೆಯ ಮೂರು ಕರ್ನಲ್‌ಗಳು ಜಾಗ ಹಿಡಿದು ಕುಳಿತಿದ್ದವು. ನಾಲ್ಕನೆಯದು ಬಂತು, ಕರ್ನಲ್ ಹೇಗೋ ತೂರಿಕೊಂಡಿತು, ಗಂಟಿಗೆ ಜಾಗ ಸಾಲಲಿಲ್ಲ. ಬೀಗದ ಕೈ ಇಲ್ಲದೆ ಬಂದವನು ಬಾಗಿಲಲ್ಲೇ ಬಿದ್ದ.

ಇದೂ ಹೋಗಲಿ. ನನ್ನ ಹೊಟ್ಟೆ ಉರಿಸಿದ್ದು ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲು. ‘ಜಾಗ ಉಳಿದಿಲ್ಲ’ ಎಂಬ ಸಾಲು ಅದರಲ್ಲಿದೆ! ಅಂದರೆ ನಾನು ರೀಸ್ಟಾರ್ಟ್ ಒತ್ತುವ ಮೊದಲೇ ಯಂತ್ರಕ್ಕೆ ವಿಷಯ ಗೊತ್ತಿತ್ತು. ಬೆರಳುದ್ದದ ‘ರೀಸ್ಟಾರ್ಟ್’ ಬಟನ್ ತೋರಿಸಲು ಜಾಗವಿದ್ದ ಪರದೆಯಲ್ಲಿ, ‘ತಾಯೀ, ಈಗ ಆಫ್ ಮಾಡಬೇಡ’ ಎನ್ನಲು ಜಾಗವಿರಲಿಲ್ಲವೇ? ಪ್ರಿಂಟರ್‌ನಲ್ಲಿ ಶಾಯಿ ಕಡಿಮೆಯಾದರೆ ಮೂರು ಸಲ ಎಚ್ಚರಿಸುತ್ತದೆ. ಬ್ಲೂಟೂತ್ ಇಯರ್‌ಫೋನ್ ಬ್ಯಾಟರಿಗೂ ಸೂಚನೆ ಬರುತ್ತದೆ. ಲ್ಯಾಪ್‌ಟಾಪ್ ಇನ್ನು ಏಳುವುದಿಲ್ಲ ಎಂಬ ಸಮಾಚಾರ ಮಾತ್ರ ಯಾರೂ ತೆರೆಯದ ಲಾಗ್‌ನಲ್ಲಿ, ನೂರಾರು ಸಾಲುಗಳ ನಡುವೆ.

ರಿಪೇರಿಗೆ ಹಿಡಿದದ್ದು ನಾಲ್ಕು ನಿಮಿಷ. ಎಲ್ಲಕ್ಕಿಂತ ಹಳೆಯ ಕರ್ನಲ್ ಕಿತ್ತೆ, ಹೊಸದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿಸಿದೆ, ಗ್ರಬ್ ಅಪ್‌ಡೇಟ್ ಮಾಡಿದೆ. ಗಡಿಯಾರದಲ್ಲಿ ಎರಡೂ ಮುಕ್ಕಾಲು. ವರದಿಯ ಕೊನೆಯ ಎರಡು ಪುಟಗಳನ್ನು ಹೇಗೆ ಬರೆದೆನೋ ನನಗೇ ನೆನಪಿಲ್ಲ.

ಬೂಟ್ ಪಾರ್ಟಿಷನ್‌ನಲ್ಲಿ ಈಗ ಉಳಿದಿರುವುದು 30 ಎಂಬಿ.