ಚೀಟಿ ಹೇಳಿದ ಸುಳ್ಳು

ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕ್ ಕೆಳಗಿಳಿಸಬೇಕಾಯಿತು. ಒಳಗೆ ತುಕ್ಕು ಹಿಡಿದ ಇಸ್ತ್ರಿ ಪೆಟ್ಟಿಗೆ, ಯಾರದೋ ಮದುವೆ ಆಲ್ಬಮ್ಮು, ಎಲ್ಲಕ್ಕಿಂತ ಕೆಳಗೆ ಎರಡು ರಟ್ಟಿನ ನಡುವೆ ಹಗ್ಗ ಬಿಗಿದ ಒಂದು ಕಟ್ಟು. ಬಿಚ್ಚಿದರೆ ನನ್ನ ಬಿ.ಎಸ್ಸಿ. ಕಾಲದ ಹರ್ಬೇರಿಯಂ! ನಾಫ್ತಲಿನ್ ಗುಳಿಗೆಯ ವಾಸನೆ ಇನ್ನೂ ಇತ್ತು. ಗಿಡಗಳೇ ಅಷ್ಟಾಗಿ ಇರಲಿಲ್ಲ. ಹುಳಗಳು ಎಲೆ, ಕಾಂಡ ಎಲ್ಲ ತಿಂದು ನಾನು ಹೊಲಿದ ದಾರವನ್ನು ಮಾತ್ರ ಉಳಿಸಿದ್ದವು. ಚೀಟಿಗಳು ಮಾತ್ರ ಹಾಗೇ ಇದ್ದವು. ಅದೇ ಮುಜುಗರ.

ಹರ್ಬೇರಿಯಂ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಗಿಡ ಕೀಳಬೇಕು, ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಬೇಕು, ದಪ್ಪ ಹಾಳೆಗೆ ಅಂಟಿಸಬೇಕು ಇಲ್ಲವೇ ಹೊಲಿಯಬೇಕು. ಬಲಗಡೆ ಕೆಳಮೂಲೆಯಲ್ಲಿ ಒಂದು ಚೀಟಿ: ಹೆಸರು, ಕುಟುಂಬ, ಸಿಕ್ಕಿದ ಜಾಗ, ತಾರೀಕು, ಕಿತ್ತವರು ಯಾರು. 16ನೇ ಶತಮಾನದಲ್ಲಿ ಇಟಲಿಯ ಲೂಕಾ ಗೀನಿ ಎಂಬ ಮೇಷ್ಟ್ರು ಪೀಸಾ ವಿಶ್ವವಿದ್ಯಾಲಯದ ಹುಡುಗರಿಗೆ ಹೇಳಿಕೊಟ್ಟದ್ದೂ ಹೆಚ್ಚುಕಮ್ಮಿ ಇದನ್ನೇ. ಚಳಿಗಾಲದಲ್ಲಿ ತೋಟವೆಲ್ಲ ಬೋಳಾದರೆ ಪಾಠಕ್ಕೆ ಗಿಡ ಬೇಕಲ್ಲ!

ನಾವು ಐವತ್ತು ಹಾಳೆ ಒಪ್ಪಿಸಬೇಕಿತ್ತು. ಇಡೀ ವರ್ಷ ಇತ್ತು. ಪ್ರಾಕ್ಟಿಕಲ್ ಪರೀಕ್ಷೆಗೆ ಇಪ್ಪತ್ತು ದಿನ ಉಳಿದಾಗ ಜ್ಞಾನೋದಯವಾಗಿ ಹಾಸ್ಟೆಲ್ ಹಿಂದಿನ ಖಾಲಿ ಸೈಟಿಗೆ ನುಗ್ಗಿದೆವು. ತುಂಬೆ, ಉತ್ತರಾಣಿ, ನೆಲನೆಲ್ಲಿ, ಮುಟ್ಟಿದರೆ ಮುನಿ, ಕೈಗೆ ಸಿಕ್ಕಿದ್ದೆಲ್ಲ ಬಂತು. ಗಿಡ ಒತ್ತುವ ಪ್ರೆಸ್ ಎಲ್ಲಿಂದ ತರೋಣ? ಪೇಪರಿನಲ್ಲಿ ಮಡಚಿ ಹಾಸಿಗೆ ಅಡಿ ಇಟ್ಟು ಅದರ ಮೇಲೇ ಮಲಗಿದೆವು. ನನ್ನ ರೂಮ್‌ಮೇಟ್ ನನಗಿಂತ ಕೊಂಚ ಮೈ ತುಂಬಿಕೊಂಡವಳು. ಅವಳ ಗಿಡಗಳು ಹಪ್ಪಳದ ಹಾಗೆ ಚಪ್ಪಟೆಯಾಗಿ ಒಣಗಿದವು. ಇದನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. ಎರಡು ದಿನ ಮಾತು ಬಿಟ್ಟಳು. ಆದರೂ ನನ್ನ ಒಳ್ಳೊಳ್ಳೆ ಗಿಡಗಳನ್ನು ಅವಳಿಗೆ ಗೊತ್ತಾಗದ ಹಾಗೆ ಅವಳ ಹಾಸಿಗೆ ಅಡಿಗೆ ದಾಟಿಸಿದೆ.

ಚೀಟಿ ಬರೆಯುವಾಗ ಕಷ್ಟ ಬಂತು. ಐವತ್ತು ಸಲ ‘ಹಾಸ್ಟೆಲ್ ಹಿಂಭಾಗ’ ಎಂದು ಬರೆದರೆ ಚೆನ್ನಾಗಿರುತ್ತಾ? ಹಾಗಾಗಿ ಒಂದೇ ರಾತ್ರಿಯಲ್ಲಿ ಪಶ್ಚಿಮ ಘಟ್ಟ ಸುತ್ತಿ ಬಂದೆ. ಉತ್ತರಾಣಿ ಆಗುಂಬೆಯಲ್ಲಿ ಸಿಕ್ಕಿತು, ನೆಲನೆಲ್ಲಿ ಬಿಸಿಲೆಯಲ್ಲಿ, ತುಂಬೆ ಚಾರ್ಮಾಡಿಯಲ್ಲಿ. ಕಾಂಗ್ರೆಸ್ ಗಿಡಕ್ಕೆ ಮಾತ್ರ ನಾಚಿಕೆಯಾಗಿ ‘ಬಸ್‌ಸ್ಟ್ಯಾಂಡ್’ ಎಂದೇ ಬರೆದೆ. ತಾರೀಕುಗಳನ್ನು ಜೂನ್‌ನಿಂದ ಡಿಸೆಂಬರ್‌ವರೆಗೆ ಉಪ್ಪಿನಂತೆ ಉದುರಿಸಿದೆ.

ಚೀಟಿಯಲ್ಲೇನಿದೆ, ಗಿಡ ತಾನೇ ಮುಖ್ಯ ಅನ್ನೋದು ಆಗಿನ ನನ್ನ ನಂಬಿಕೆ. ಆಮೇಲೆ ಡಾರ್ವಿನ್ನರ ಕತೆ ಓದಿದೆ. 1835ರಲ್ಲಿ ಗಲಾಪಗೋಸ್ ದ್ವೀಪಗಳಲ್ಲಿ ಅವರು ಪುಟ್ಟ ಪುಟ್ಟ ಫಿಂಚ್ ಹಕ್ಕಿಗಳನ್ನು ಹಿಡಿದು ತಂದರು. ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಎಷ್ಟೋ ಹಕ್ಕಿಗಳಿಗೆ ಬರೆದಿಡಲೇ ಇಲ್ಲ. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡ್ ಇವೆಲ್ಲ ಬೇರೆ ಬೇರೆ ಜಾತಿ ಎಂದಾಗ ಡಾರ್ವಿನ್ ತಲೆ ಮೇಲೆ ಕೈ ಹೊತ್ತಿರಬೇಕು. ಕಡೆಗೆ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತಿತರರು ತಂದಿದ್ದ ಹಕ್ಕಿಗಳ ಚೀಟಿ ನೋಡಿ ಲೆಕ್ಕ ಹೊಂದಿಸಬೇಕಾಯಿತು. ಗಿಡಗಳ ವಿಷಯದಲ್ಲಿ ಮಾತ್ರ ಅವರು ದ್ವೀಪದ ಹೆಸರನ್ನು ಹೆಚ್ಚು ಜೋಪಾನವಾಗಿ ಬರೆದಿದ್ದರು. ಅವು ಹೋಗಿದ್ದು ಕೇಂಬ್ರಿಜ್‌ನ ಸಸ್ಯಶಾಸ್ತ್ರದ ಮೇಷ್ಟ್ರು ಹೆನ್ಸ್ಲೋ ಕೈಗೆ. ಮೇಷ್ಟ್ರ ಭಯ ಎಲ್ಲ ಕಾಲಕ್ಕೂ ಒಂದೇ ಅನ್ನಿಸುತ್ತದೆ.

ಡಾರ್ವಿನ್ನೇ ಮರೆತ ಮೇಲೆ ನಂದೇನು ಮಹಾ ಎಂದುಕೊಂಡು ಸ್ವಲ್ಪ ಸಮಾಧಾನವಾಯಿತು. ಜಾಸ್ತಿ ಹೊತ್ತು ಉಳಿಯಲಿಲ್ಲ. ಅವರು ಬರೆಯಲಿಲ್ಲ, ನಾನು ಸುಳ್ಳು ಬರೆದೆ.

ಅದೇ ಕೇಂಬ್ರಿಜ್ ವಿಶ್ವವಿದ್ಯಾಲಯದ ಹರ್ಬೇರಿಯಂನದು ಇನ್ನೊಂದು ಸಂಗತಿ. ಎಲೆ ಉಸಿರಾಡುವುದು ಬರಿಗಣ್ಣಿಗೆ ಕಾಣದ ಸಣ್ಣ ಬಾಯಿಗಳಿಂದ. ಅವೇ ಪತ್ರರಂಧ್ರಗಳು. ಇಯನ್ ವುಡ್‌ವರ್ಡ್ ಎಂಬ ವಿಜ್ಞಾನಿ ಇನ್ನೂರು ವರ್ಷಗಳಲ್ಲಿ ಸೇರಿದ್ದ ಮರಗಿಡಗಳ ಒಣ ಎಲೆ ತೆಗೆದು ಈ ಬಾಯಿಗಳನ್ನು ಎಣಿಸಿದರು. ಹೊಸ ಎಲೆಗಳಲ್ಲಿ ಅವು ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿದ್ದವು! ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದಂತೆ ಕಡಿಮೆ ಬಾಯಿಯಲ್ಲೇ ಎಲೆಯ ಹೊಟ್ಟೆ ತುಂಬುತ್ತದೆ. 1987ರಲ್ಲಿ ಇದು ಪ್ರಕಟವಾಯಿತು. ಅಷ್ಟು ಹಿಂದೆ ಆ ಎಲೆ ಕಿತ್ತವರಿಗೆ ಗಾಳಿಯ ಚಿಂತೆ ಎಲ್ಲಿತ್ತು? ಸುಮ್ನೆ ತಾರೀಕು ಸರಿಯಾಗಿ ಬರೆದು ಹೋಗಿದ್ದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಭೂಮಿಯ ಗಾಳಿಯ ಚರಿತ್ರೆಯೇ ಎಡವಟ್ಟಾಗುತ್ತಿತ್ತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದು ಹರ್ಬೇರಿಯಂ ಇದೆ. ಹೆಸರು ಜೆಸಿಬಿ. ನಗಬೇಡಿ, ಮಣ್ಣು ಬಗೆಯುವ ಹಳದಿ ಯಂತ್ರವಲ್ಲ. ಜಗತ್ತಿನ ಹರ್ಬೇರಿಯಂಗಳಿಗೆಲ್ಲ ಇಂಥದೊಂದು ಅಕ್ಷರದ ಗುರುತು ಇರುತ್ತದೆ, ಲಂಡನ್ನಿನ ಕ್ಯೂ ಸಸ್ಯತೋಟದ್ದು ಬರೀ ‘ಕೆ’. ಇದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಹುಟ್ಟಿದ್ದಕ್ಕೆ ಜೆಸಿಬಿ. ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪಾದ್ರಿ ಸೆಸಿಲ್ ಸಲ್ಡಾನ್ಹ ಮತ್ತು ಜೊತೆಯವರು ಹಾಸನ ಜಿಲ್ಲೆಯ ಕಾಡು, ಕೆರೆ, ಬಯಲು ಅಲೆದು ಗಿಡ ಕೂಡಿಸಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಸ್ಯತಜ್ಞ ಡ್ಯಾನ್ ನಿಕೋಲ್ಸನ್ ಕೈ ಸೇರಿಸಿದರು. ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಗ್ರಂಥ 1976ರಲ್ಲಿ ಬಂತು. ನಾನು ಹಾಸಿಗೆ ಮೇಲೆ ಕೂತು ಸುತ್ತಿದ ಬಿಸಿಲೆಯನ್ನು ಅವರು ಜಿಗಣೆ ಕಚ್ಚಿಸಿಕೊಂಡೇ ಸುತ್ತಿರಬೇಕು. ಆ ಜೆಸಿಬಿಯ ಚೀಟಿಗಳಲ್ಲಿರುವ ಎಷ್ಟೋ ಜಾಗಗಳಿಗೆ ಈಗ ಈ ಜೆಸಿಬಿಯೂ ಹೋಗಿ ಬಂದಿರುತ್ತದೆ. ಅಲ್ಲಿ ಹಿಂದೆ ಏನಿತ್ತು ಅಂತ ಕೇಳಿದರೆ ಹೇಳೋಕೆ ಚೀಟಿಯೇ ಗತಿ.

ನನ್ನ ಕಟ್ಟಿನಲ್ಲಿ ಹುಳ ಮುಟ್ಟದೆ ಉಳಿದಿದ್ದು ಒಂದೇ ಹಾಳೆ. ತುಂಬೆ. ಬಿಳಿ ಹೂವು ಕಂದಾಗಿತ್ತು, ಆಕಾರ ಹಾಗೇ ಇತ್ತು. ‘ಚಾರ್ಮಾಡಿ ಘಾಟಿ, ಅಕ್ಟೋಬರ್ 12’ ಎಂದು ನನ್ನ ಮುದ್ದಾದ ಅಕ್ಷರ. ಹಾಳೆಯ ಮೇಲೆ ಮುಚ್ಚಿದ್ದು ಅದನ್ನು ಒಣಗಿಸಿದ ಪೇಪರೇ. ಹಸಿ ಗಿಡದ ರಸ ಇಳಿದು ತುಂಬೆಯ ಅಚ್ಚು ಮೂಡಿತ್ತು. ಅಚ್ಚು ಮೂಡಿದ್ದು ಸಂಕ್ರಾಂತಿ ಕಬ್ಬಿನ ರೇಟಿನ ಸುದ್ದಿ ಮೇಲೆ! ಅಕ್ಟೋಬರ್‌ನಲ್ಲಿ ಕಿತ್ತ ಗಿಡ ಜನವರಿಯ ಪೇಪರಿಗೆ ರಸ ಬಿಟ್ಟಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಚೀಟಿಯ ತಾರೀಕಿನ ಪಕ್ಕ ಪೆನ್ಸಿಲ್‌ನಲ್ಲಿ ಪುಟ್ಟದೊಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮ ಸರ್‌ಗೆ ಆವತ್ತೇ ಗೊತ್ತಾಗಿತ್ತು. ಮಾರ್ಕ್ಸು ಕೊಟ್ಟಿದ್ದರು, ಒಂದು ಮಾತೂ ಆಡಿರಲಿಲ್ಲ.

ಚೀಟಿ ಕಿತ್ತು ಹಾಕೋಣ ಅನ್ನಿಸಿತು. ಹರ್ಬೇರಿಯಂನಲ್ಲಿ ಹಾಗೆ ಮಾಡುವಂತಿಲ್ಲ. ಹಳೇ ಚೀಟಿಯಲ್ಲಿ ತಪ್ಪಿದ್ದರೂ ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದು ಅಂಟಿಸಬೇಕು. ಅಂಟಿಸಿದೆ. ‘ತುಂಬೆ. ಹಾಸ್ಟೆಲ್ ಹಿಂದಿನ ಖಾಲಿ ಸೈಟು, ಈಗ ಅಪಾರ್ಟ್‌ಮೆಂಟು. ಸಂಕ್ರಾಂತಿ ಆಸುಪಾಸು. ಕಿತ್ತವಳು ನಾನು, ಒಣಗಿಸಿದವಳು ರೂಮ್‌ಮೇಟ್.’