ಸತ್ಯಾಂಶ: ತಲೆಗೆ ಬಡಿದು ಬೇಲಿ ದಾಟಿದ ಚೆಂಡು ಹೋಮ್ ರನ್ನೇ

ಫೀಲ್ಡರ್ ತಲೆಗೆ ಚೆಂಡು ಬಡಿದು ಬೇಲಿಯಾಚೆ ಹಾರುವ ಬೇಸ್‌ಬಾಲ್ ವಿಡಿಯೋ ಆಗಾಗ ಫಾರ್ವರ್ಡ್ ಆಗುತ್ತದೆ. ಹೋಮ್ ರನ್ (ಬ್ಯಾಟರ್ ಮೈದಾನದ ನಾಲ್ಕೂ ಬೇಸ್, ಅಂದರೆ ಠಾಣೆಗಳನ್ನು ಸುತ್ತಿ ರನ್ ಗಳಿಸುವುದು) ಕೊಟ್ಟದ್ದು ಅಂಪೈರ್ ಎಡವಟ್ಟು, ಸಿಗಬೇಕಿದ್ದದ್ದು ಎರಡೇ ಬೇಸ್ ಎಂಬುದು ಜೊತೆಗಿನ ಬರಹ.

ತೀರ್ಪು ಸರಿಯಾಗಿಯೇ ಇದೆ. ಇದು 1993ರ ಮೇ 26ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದದ್ದು. ನೆಲ ಮುಟ್ಟದ ಚೆಂಡು ಫೀಲ್ಡರ್‌ಗೆ ತಗುಲಿ ಫೇರ್ ಭಾಗದ (ಗಡಿಗೆರೆಗಳ ತುದಿಯ ಎರಡು ಫೌಲ್ ಕಂಬಗಳ ನಡುವಿನ) ಬೇಲಿ ದಾಟಿದರೆ ಹೋಮ್ ರನ್. ಫೌಲ್ ಭಾಗದಲ್ಲಿ, ಅಂದರೆ ಆ ಕಂಬಗಳ ಹೊರಗೆ, ದಾಟಿದರೆ ಎರಡು ಬೇಸ್. ಮೊದಲು ನೆಲಕ್ಕೆ ಪುಟಿದು ಫೇರ್ ಬೇಲಿ ದಾಟಿದರೂ ಎರಡೇ. ಈ ಕೊನೆಯ ನಿಯಮದ ನೆನಪೇ ಹೆಚ್ಚಿನವರನ್ನು ದಾರಿ ತಪ್ಪಿಸುತ್ತದೆ, ಅದು ಸಹಜ. ಕ್ರಿಕೆಟ್‌ನಲ್ಲೂ ಫೀಲ್ಡರ್ ಕೈಯಿಂದ ಜಾರಿ ನೇರ ಬೌಂಡರಿಯಾಚೆ ಬಿದ್ದ ಚೆಂಡಿಗೆ ಆರು ರನ್ ಇದೆಯಲ್ಲ.

ಪರೀಕ್ಷೆ ಸುಲಭ. ವಿಡಿಯೋ ವೇಗವನ್ನು 0.25ಕ್ಕೆ ಇಳಿಸಿ. ತಲೆಗಿಂತ ಮೊದಲು ಚೆಂಡು ನೆಲಕ್ಕೆ ತಾಗಿತೇ? ದಾಟಿದ್ದು ಎರಡು ಫೌಲ್ ಕಂಬಗಳ ನಡುವೆಯೇ? ಆಮೇಲೆ ನಿಯಮ ಪುಸ್ತಕದ 5.05 ಓದಿ; ಅದು ಅಂತರ್ಜಾಲದಲ್ಲಿ ಉಚಿತ. ದಿನಾಂಕ, ಊರು ಹಾಕಿ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಪಟ್ಟಿ) ಹುಡುಕಿದರೆ ಆ ಹೊಡೆತ ಹೋಮ್ ರನ್ ಪಟ್ಟಿಯಲ್ಲೇ ಸಿಗುತ್ತದೆ. ದಿನಾಂಕವೇ ಇಲ್ಲದ ಫಾರ್ವರ್ಡ್ ಆದರೆ ಒಂದು ಫ್ರೇಮ್‌ನ ಸ್ಕ್ರೀನ್‌ಶಾಟ್ ತೆಗೆದು ಚಿತ್ರ ಹುಡುಕಾಟಕ್ಕೆ ಹಾಕಿ.