ದಾರಿಗೊಂದು ಚೀಲ

ಏಪ್ರಿಲ್ ತಿಂಗಳ ನಡುವಿನಲ್ಲಿ ಶಾಲೆಗಳಿಗೆ ಬೀಗ ಬಿದ್ದೊಡನೆ ಮನೆಮನೆಯ ಅಟ್ಟದಿಂದ ಸೂಟ್‌ಕೇಸುಗಳು ಇಳಿಯುತ್ತವೆ. ಇಳಿದ ದೊಡ್ಡ ಸೂಟ್‌ಕೇಸಿನೊಳಗೆ ಸಣ್ಣದೊಂದು, ಸಣ್ಣದರೊಳಗೆ ಒಂದು ಬಟ್ಟೆಯ ಕೈಚೀಲ, ಆ ಕೈಚೀಲದ ತಳದಲ್ಲಿ ಕಳೆದ ಬೇಸಿಗೆಯ ಬಸ್ ಟಿಕೆಟ್ಟು, ಅರ್ಧ ಕರಗಿದ ನುಸಿಗುಳಿಗೆ, ಜೋಡಿ ತಪ್ಪಿದ ಒಂದು ಕಾಲುಚೀಲ ಸಿಗುವುದು ಬಹುತೇಕ ಎಲ್ಲ ಮನೆಗಳ ಅನುಭವ. ಅಲ್ಲಿಂದ ಹೊರಡುವ ಗಳಿಗೆಯವರೆಗೆ ಮಂಚದ ಮೇಲೆ ಮನುಷ್ಯರು ಮಲಗಲು ಜಾಗವಿರುವುದಿಲ್ಲ. ಇಸ್ತ್ರಿಯಾದ ಬಟ್ಟೆ, ಇಸ್ತ್ರಿಯಾಗಬೇಕಾದ ಬಟ್ಟೆ, ಹೋದ ಊರಿನಲ್ಲಿ ಯಾರದಾದರೂ ಗೃಹಪ್ರವೇಶ ಎದುರಾದೀತೆಂಬ ಮುಂದಾಲೋಚನೆಯಿಂದ ಒಂದು ರೇಷ್ಮೆ ಸೀರೆ, ಆ ಸೀರೆಗೆ ಹೊಂದುವ ಚಪ್ಪಲಿ, ಬೇಸಿಗೆಯಲ್ಲಿಯೂ ಬೆಳಗಿನ ಜಾವ ಚಳಿಯಾಗಬಹುದೆಂದು ಮನೆಯ ಹಿರಿಯರು ತಂದಿಟ್ಟ ಸ್ವೆಟರು, ಇವುಗಳ ನಡುವೆ ಮಕ್ಕಳು ತುರುಕಿದ ಕ್ರಿಕೆಟ್ ಬ್ಯಾಟು.

ಇಷ್ಟೆಲ್ಲ ಸಿದ್ಧತೆಯೂ ತಲಪಬೇಕಾದ ಊರಿಗಾಗಿಯೇ ನಡೆಯುತ್ತದೆ ಎಂಬುದು ನನ್ನ ತಕರಾರು. ತಲಪುವ ಊರಿನಲ್ಲಿ ಅಂಗಡಿಗಳಿವೆ, ನೆಂಟರಿದ್ದಾರೆ, ನೆಂಟರ ಮನೆಯಲ್ಲಿ ಸೋಪು, ಹೊದಿಕೆ, ತಲೆನೋವಿನ ಮಾತ್ರೆ ಎಲ್ಲವೂ ಇವೆ. ಏನೂ ಸಿಗದಿರುವುದು ನಡುವಿನ ಎಂಟು ಹತ್ತು ಗಂಟೆಗಳ ದಾರಿಯಲ್ಲಿ. ಆ ದಾರಿಗಾಗಿ ಮಾತ್ರ ಯಾರೂ ಗಂಟು ಕಟ್ಟುವುದಿಲ್ಲ. ಕಟ್ಟಿದರೂ, ದಾರಿಯಲ್ಲಿ ಬೇಕಾಗುವ ವಸ್ತು ಸೂಟ್‌ಕೇಸಿನ ತಳದಲ್ಲಿರುತ್ತದೆ, ಸೂಟ್‌ಕೇಸು ಬಸ್ಸಿನ ಡಿಕ್ಕಿಯಲ್ಲಿರುತ್ತದೆ, ಬಸ್ಸು ಇನ್ನೆರಡು ಗಂಟೆ ಎಲ್ಲಿಯೂ ನಿಲ್ಲುವುದಿಲ್ಲ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಟ್ರಂಕು ಊರಿನದು, ಹೋಲ್ಡಾಲು ದಾರಿಯದು ಎಂಬ ವಿಂಗಡಣೆ ಅವರಲ್ಲಿ ಸ್ಪಷ್ಟವಾಗಿತ್ತು. ಕ್ಯಾನ್ವಾಸಿನ ಹೋಲ್ಡಾಲನ್ನು ರೈಲಿನ ಮರದ ಹಲಗೆಯ ಮೇಲೆ ಬಿಚ್ಚಿದರೆ ಅದೇ ಹಾಸಿಗೆ. ಅದರ ಎರಡು ತುದಿಗಳ ಜೇಬಿನಲ್ಲಿ ದಿಂಬು, ಟವಲು, ಮರುದಿನ ತೊಡುವ ಬಟ್ಟೆ. ಬೆಳಿಗ್ಗೆ ಸುತ್ತಿ ಪಟ್ಟಿ ಬಿಗಿದರೆ ಮತ್ತೆ ಗಂಟು. ಪಕ್ಕದಲ್ಲಿ ತಿರುಗಣಿ ಮುಚ್ಚಳದ ಕೂಜ. ಸೀಟಿನ ಕೆಳಗೆ ತಳ್ಳಿದ ಟ್ರಂಕಿನ ಗೊಡವೆ ಇಳಿಯುವ ನಿಲ್ದಾಣ ಬರುವವರೆಗೆ ಯಾರಿಗೂ ಇರುತ್ತಿರಲಿಲ್ಲ. ಆ ಟ್ರಂಕು ಹೊರಲಾರದಷ್ಟು ಭಾರವಾಗಿತ್ತು ಎಂಬುದು ನಿಜವೇ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರು ಸೂಟ್‌ಕೇಸಿಗೆ ಚಕ್ರಗಳನ್ನೂ ಎಳೆಯುವ ಪಟ್ಟಿಯನ್ನೂ ಜೋಡಿಸಿ ಪೇಟೆಂಟ್ ಪಡೆದದ್ದು 1972ರಲ್ಲಿ. ನೆಟ್ಟಗೆ ನಿಲ್ಲಿಸಿ, ಉದ್ದ ಹಿಡಿಕೆ ಹಿಡಿದು ಎಳೆಯುವ ಎರಡು ಚಕ್ರದ ಮಾದರಿಯನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು ರೂಪಿಸಿದ್ದು 1987ರಲ್ಲಿ. ಚಕ್ರ ಉರುಳುವುದು ವಿಮಾನ ನಿಲ್ದಾಣದಂತಹ ನುಣುಪು ನೆಲದ ಮೇಲೆ. ನಮ್ಮ ರೈಲು ನಿಲ್ದಾಣಗಳ ಮೇಲ್ಸೇತುವೆಯ ಮೆಟ್ಟಿಲುಗಳಿಗೆ ಅದರ ಪರಿಚಯವಿಲ್ಲ. ಮನೆಯ ಟೈಲ್ಸ್ ನೆಲದ ಮೇಲೆ ಒಂದೇ ಬೆರಳಿಗೆ ಓಡಿದ ಸೂಟ್‌ಕೇಸು ತನ್ನ ನಿಜವಾದ ತೂಕವನ್ನು ಹೇಳುವುದು ಆ ಮೆಟ್ಟಿಲುಗಳ ಬುಡದಲ್ಲಿ. ಆದ್ದರಿಂದ ತುಂಬಿದ ಚೀಲವನ್ನು ಕೈಯಲ್ಲಿ ಎತ್ತಿಕೊಂಡು ಮನೆಯ ಮಹಡಿಯನ್ನು ಒಮ್ಮೆ ಹತ್ತಿ ಇಳಿಯುವುದಕ್ಕಿಂತ ಉತ್ತಮವಾದ ಪರೀಕ್ಷೆ ಇನ್ನೊಂದಿಲ್ಲ. ರೈಲ್ವೆಯವರು ಸ್ಲೀಪರ್ ದರ್ಜೆಯ ಒಬ್ಬ ಪ್ರಯಾಣಿಕನಿಗೆ 40 ಕೆ.ಜಿ.ವರೆಗೆ ಉಚಿತವಾಗಿ ಒಯ್ಯಲು ಅವಕಾಶ ಕೊಟ್ಟಿದ್ದಾರೆ, ಎ.ಸಿ. ಎರಡನೆಯ ದರ್ಜೆಗೆ 50, ಮೊದಲನೆಯ ದರ್ಜೆಗೆ 70. ಆ ಅಂಕಿಯನ್ನು ತಲಪಲೇಬೇಕಾದ ಗುರಿಯೆಂದು ಭಾವಿಸಿದ ಕುಟುಂಬಗಳನ್ನು ಪ್ರತಿ ಮೇ ತಿಂಗಳಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಕಾಣಬಹುದು.

ದಾರಿಯ ಸುಖದಲ್ಲಿ ಅರ್ಧ ಭಾಗ ಚೀಲಕ್ಕೆ ಸಂಬಂಧಿಸಿದ್ದೇ ಅಲ್ಲ, ಸೂರ್ಯನಿಗೆ ಸಂಬಂಧಿಸಿದ್ದು. ಸೀಟು ಕಾಯ್ದಿರಿಸುವಾಗ ನಾವು ಕಿಟಕಿಯ ಪಕ್ಕವೋ ಅಲ್ಲವೋ, ಮುಂದೋ ಹಿಂದೋ ಎಂದು ನೋಡುತ್ತೇವೆಯೇ ಹೊರತು ಬಿಸಿಲು ಯಾವ ಕಡೆ ಬೀಳುತ್ತದೆಂದು ಯೋಚಿಸುವುದಿಲ್ಲ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆಯ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಒಟ್ಟಿನಲ್ಲಿ ವಾಯವ್ಯ ದಿಕ್ಕಿಗೆ ಸಾಗುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸಿನ ಬಲಗಡೆಯವರು ಹನ್ನೊಂದರವರೆಗೆ ಪರದೆ ಎಳೆದುಕೊಂಡು, ಪರದೆ ಇಲ್ಲದಿದ್ದರೆ ಪತ್ರಿಕೆಯನ್ನು ಗಾಜಿಗೆ ಒತ್ತಿ ಹಿಡಿದುಕೊಂಡು ಕೂತಿರುತ್ತಾರೆ. ಎಡಗಡೆಯವರು ಹೊಲಗಳನ್ನು ನೋಡುತ್ತಾ ಆರಾಮವಾಗಿರುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಹೊರಡುವ ಬಸ್ಸಿನಲ್ಲಿ ಈ ಲೆಕ್ಕ ತಲೆಕೆಳಗು. ಹುಬ್ಬಳ್ಳಿಯಿಂದ ಮರಳುವಾಗ ಬೆಳಗಿನ ಬಿಸಿಲು ಎಡಗಡೆಗೆ, ಸಂಜೆಯದು ಬಲಗಡೆಗೆ. ಇದನ್ನು ಕಂಡುಹಿಡಿಯಲು ಹೋಗುವ ದಿಕ್ಕನ್ನು ನೆನೆದು ಒಂದು ನಿಮಿಷ ಅಂಗಳದಲ್ಲಿ ನಿಂತರೆ ಸಾಕು, ಪಂಚಾಂಗವೇನೂ ಬೇಡ. ಮಂಗಳೂರಿನ ದಾರಿ ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ಬಸ್ಸಿನ ಬೆನ್ನಿಗೆ ಬೀಳುತ್ತದೆ, ಸಂಜೆಯದು ಚಾಲಕನ ಪಾಲಿಗೆ. ನಡು ಮಧ್ಯಾಹ್ನದಲ್ಲಿ ಮಾತ್ರ ಯಾವ ಜಾಣತನವೂ ನಡೆಯದು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರು, ಮಂಗಳೂರುಗಳಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕಂಬಕ್ಕೂ ನೆರಳಿಲ್ಲದಂತೆ ಮಾಡುತ್ತಾನೆ. ಹೊಸಪೇಟೆಗೆ ಆ ದಿನ ಬರುವುದು ಮೇ ಮೊದಲ ವಾರದಲ್ಲಿ, ಕಲಬುರಗಿಗೆ ಎರಡನೆಯ ವಾರದಲ್ಲಿ. ಅಂದರೆ ನಮ್ಮ ಬೇಸಿಗೆ ರಜೆಯ ಜೊತೆಜೊತೆಗೇ ಸೂರ್ಯನೂ ದಕ್ಷಿಣದಿಂದ ಉತ್ತರಕ್ಕೆ ಪ್ರವಾಸ ಹೊರಟಿರುತ್ತಾನೆ. ಆ ಹೊತ್ತಿನಲ್ಲಿ ಬಸ್ಸಿನ ಎರಡೂ ಬದಿಗಳವರು ಸಮಾನರು.

ಇನ್ನು ಬುತ್ತಿ. ಹೆದ್ದಾರಿಯುದ್ದಕ್ಕೂ ಹೋಟೆಲುಗಳಾಗಿರುವಾಗ ಬುತ್ತಿ ಕಟ್ಟುವುದು ಹಳೆಯ ಕಾಲದ ಜಿಪುಣತನವೆಂದು ತಿಳಿಯುವವರಿದ್ದಾರೆ. ಅವರು ಮೇ ತಿಂಗಳ ಮಧ್ಯಾಹ್ನ ಎರಡೂವರೆಗೆ, ಬಸ್ಸು ಊಟಕ್ಕೆ ನಿಲ್ಲಿಸುವ ಹೋಟೆಲಿನಲ್ಲಿ ಬೆಳಗಿನ ತೆಂಗಿನಕಾಯಿ ಚಟ್ನಿಯನ್ನು ಎದುರಿಸಿದವರಲ್ಲ. ಬೇಸಿಗೆಯಲ್ಲಿ ಮೊದಲು ಕೆಡುವುದು ಹಸಿ ತೆಂಗಿನಕಾಯಿ ಬಿದ್ದ ಪದಾರ್ಥ. ಇದನ್ನು ಅರಿತ ನಮ್ಮ ಅಜ್ಜಿಯಂದಿರು ಪ್ರಯಾಣದ ಡಬ್ಬಿಗೆ ಚಟ್ನಿಯ ಬದಲು ಚಟ್ನಿಪುಡಿ ಹಾಕಿದರು. ಪುಳಿಯೋಗರೆ ಸಂಜೆಯವರೆಗೆ ಹಳಸದಿರುವುದು ಹುಣಿಸೆಯ ಹುಳಿ ಮತ್ತು ಧಾರಾಳವಾದ ಎಣ್ಣೆಯ ಬಲದಿಂದ, ಆದರೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ ಕಲಸಿದ್ದರೆ ಮಾತ್ರ. ಬಿಸಿಯಾಗಿರುವಾಗಲೇ ಡಬ್ಬಿಯ ಮುಚ್ಚಳ ಬಿಗಿದರೆ ಒಳಗಿನ ಹಬೆ ನೀರಾಗಿ ಎಲ್ಲವನ್ನೂ ಕೆಡಿಸುತ್ತದೆ. ಮೊಸರನ್ನದ ಗುಟ್ಟು ಇನ್ನೂ ಸೊಗಸಾದುದು. ಮೆತ್ತಗೆ ಬೆಂದ ಅನ್ನವನ್ನು ಕಿವುಚಿ, ಕಾಸಿ ಆರಿಸಿದ ಹಾಲನ್ನು ಧಾರಾಳವಾಗಿ ಹೊಯ್ದು, ಉಗುರುಬೆಚ್ಚಗಾದ ಮೇಲೆ ಒಂದೆರಡು ಚಮಚ ಮೊಸರನ್ನಷ್ಟೇ ಬೆರೆಸಿ ಹೊರಟರೆ, ಅರಸೀಕೆರೆ ದಾಟುವ ಹೊತ್ತಿಗೆ ಡಬ್ಬಿಯೊಳಗೆ ಅದು ತಾನಾಗಿ ಹೆಪ್ಪುಗಟ್ಟಿ ಹುಳಿಯಿಲ್ಲದ ಮೊಸರನ್ನವಾಗಿರುತ್ತದೆ. ಹೊರಗಿನ ಸೆಕೆ ಇಡೀ ಪ್ರಯಾಣದಲ್ಲಿ ನಮಗೆ ಮಾಡುವ ಒಂದೇ ಉಪಕಾರವಿದು. ಬಯಲುಸೀಮೆಯ ಉತ್ತರ ಭಾಗದವರಿಗೆ ಇಷ್ಟು ಎಚ್ಚರವೂ ಬೇಕಿಲ್ಲ. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ತೀರ ಕಡಿಮೆಯಿರುವುದರಿಂದ ಅದಕ್ಕೆ ಬೂಸಲು ಹಿಡಿಯುವ ಭಯವಿಲ್ಲ, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ ಇದ್ದರೆ ವಿಜಯಪುರದಿಂದ ಮೈಸೂರಿನವರೆಗೂ ಯಾರ ಹಂಗೂ ಇಲ್ಲ. ಎದುರು ಸೀಟಿನವರಿಗೆ ಒಂದು ರೊಟ್ಟಿ ಕೊಟ್ಟು ಅವರ ಡಬ್ಬಿಯ ಕೋಡುಬಳೆಯನ್ನು ಪಡೆಯುವ ಅವಕಾಶವೂ ಬುತ್ತಿ ಕಟ್ಟಿದವರಿಗಷ್ಟೇ ಉಂಟು.

ನೀರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾಯಾರುವ ಮೊದಲೇ ಕುಡಿಯುತ್ತಿರಬೇಕು, ಶೌಚಾಲಯದ ಚಿಂತೆಯಿಂದ ಕುಡಿಯದೆ ಕೂರುವುದು ಬೇಸಿಗೆಯಲ್ಲಿ ಅಪಾಯ. ಔಷಧದ ಅಂಗಡಿಯ ಓ.ಆರ್.ಎಸ್. ಪೊಟ್ಟಣ ಕೈಯಲ್ಲಿಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿದರೂ ಕೆಲಸ ನಡೆಯುತ್ತದೆ.

ಕರಾವಳಿಯ ಕಡೆ ಹೊರಟವರು ಘಟ್ಟ ಇಳಿಯಲೇಬೇಕು. ಆಗುಂಬೆಯ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಎಷ್ಟನೆಯದರಲ್ಲಿ ಯಾವ ಮಗು ಕಿಟಕಿಯ ಹೊರಗೆ ತಲೆ ಹಾಕುತ್ತದೆಂಬುದನ್ನು ಆ ದಾರಿಯ ನಿರ್ವಾಹಕರು ಮುಖ ನೋಡಿಯೇ ಹೇಳಬಲ್ಲರು. ಒಳಗಿವಿಗೆ ದೇಹ ಓಲಾಡುತ್ತಿರುವುದು ತಿಳಿಯುತ್ತದೆ, ಕಣ್ಣು ಮಾತ್ರ ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತಾ ಎಲ್ಲವೂ ಸ್ಥಿರವಾಗಿದೆಯೆಂದು ಸಾಧಿಸುತ್ತದೆ. ಇವೆರಡರ ಜಗಳದಲ್ಲಿ ಸೋಲುವುದು ಹೊಟ್ಟೆ. ಆದ್ದರಿಂದ ಬಸ್ಸಿನ ಮುಂಭಾಗದಲ್ಲಿ ಕೂತು ದೂರದ ರಸ್ತೆಯನ್ನು ನೋಡುವುದು ಮೊದಲ ಮದ್ದು. ಮಾತ್ರೆಯನ್ನು ಘಟ್ಟಕ್ಕೆ ಅರ್ಧ ಗಂಟೆ, ಒಂದು ಗಂಟೆ ಮೊದಲೇ ನುಂಗಬೇಕು. ಮೊದಲ ತಿರುವು ಕಂಡ ಮೇಲೆ ಚೀಲದಲ್ಲಿ ಹುಡುಕಿ ನುಂಗಿದ ಮಾತ್ರೆ ಬಹುಮಟ್ಟಿಗೆ ಬಂದ ದಾರಿಯಲ್ಲೇ ಮರಳುತ್ತದೆ. ನಿಂಬೆಹಣ್ಣನ್ನು ಮೂಸುವ ಪದ್ಧತಿಯ ಬಗ್ಗೆ ವೈದ್ಯರು ಏನೆನ್ನುವರೋ, ಮೂಸುವವರ ಮುಖದಲ್ಲಿ ನೆಮ್ಮದಿಯನ್ನಂತೂ ನೋಡಿದ್ದೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಐವತ್ತೇಳು ಸುರಂಗಗಳನ್ನು ಹಾದು ಇಳಿಯುವ ಹಗಲು ರೈಲಿನಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಪ್ರತಿ ಸುರಂಗಕ್ಕೂ ಬೋಗಿಯ ಮಕ್ಕಳೆಲ್ಲ ಒಟ್ಟಾಗಿ ಕಿರುಚುವುದನ್ನು ಸಹಿಸುವ ಕಿವಿ ಇದ್ದರೆ ಸಾಕು.

ಬಟ್ಟೆಯ ಮಾತು ಬಂದಾಗ ಹತ್ತಿ ಎಂದು ಹೇಳಿ ಮುಗಿಸಬಹುದು. ಆದರೂ ಎರಡು ವಸ್ತುಗಳ ಪರವಾಗಿ ವಕಾಲತ್ತು ವಹಿಸುವ ಆಸೆ. ಒಂದು, ಪಾಣಿಪಂಚೆ. ದಪ್ಪ ಟರ್ಕಿ ಟವಲು ಅರ್ಧ ಚೀಲವನ್ನು ಆಕ್ರಮಿಸಿ, ಒಮ್ಮೆ ಒದ್ದೆಯಾದರೆ ಮರುದಿನದವರೆಗೆ ಒಣಗದೆ, ಉಳಿದ ಬಟ್ಟೆಗಳಿಗೂ ಮುಗ್ಗುಲು ವಾಸನೆ ಹತ್ತಿಸುತ್ತದೆ. ತೆಳ್ಳನೆಯ ಪಾಣಿಪಂಚೆ ಕಿಟಕಿಯ ಸರಳಿಗೆ ಕಟ್ಟಿದ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದರೆ ತಂಪು, ತಲೆಗೆ ಸುತ್ತಿದರೆ ಟೋಪಿ, ಮಡಿಸಿದರೆ ದಿಂಬು, ಮಗು ಮಲಗಿದರೆ ಹೊದಿಕೆ. ಇನ್ನೊಂದು, ಹಳೆಯ ಹತ್ತಿಯ ಕಾಲುಚೀಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿಯೇ ಹತ್ತಬೇಕು. ಏಪ್ರಿಲ್ ಹಗಲಿನ ಹನ್ನೊಂದು ಗಂಟೆಗೆ ಆ ಬಂಡೆ ಕಾದ ಕಾವಲಿ. ಬಾಹುಬಲಿಯ ನಿಶ್ಚಲತೆಯನ್ನು ನೋಡಲು ಹೋದವರು ಒಂದೇ ಕಾಲಿನ ಮೇಲೆ ಕುಣಿಯುತ್ತಾ ನಿಂತಿರುವ ದೃಶ್ಯ ಅಲ್ಲಿ ಅಪರೂಪವಲ್ಲ. ಕಾಲುಚೀಲ ತಂದವರು, ಅಥವಾ ಬೆಳಿಗ್ಗೆ ಬೇಗ ಎದ್ದವರು, ನಿಧಾನವಾಗಿ ನಿಂತು ನೋಡುತ್ತಾರೆ. ಅಟ್ಟದಿಂದ ಇಳಿದ ಜೋಡಿ ತಪ್ಪಿದ ಕಾಲುಚೀಲಗಳಿಗೂ ಇಲ್ಲಿ ಕೆಲಸವುಂಟು. ಬಂಡೆ ಬಣ್ಣವನ್ನು ಕೇಳುವುದಿಲ್ಲ.

ರಾತ್ರಿಯ ರೈಲಿಗೆ ಬೇರೆಯೇ ಶಿಸ್ತು. ನಡುವಿನ ಬರ್ತನ್ನು ಬಿಚ್ಚಲು ನಿಯಮವಿರುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ. ಅಷ್ಟರೊಳಗೆ ಊಟ, ಕೈ ತೊಳೆಯುವುದು, ಮಕ್ಕಳ ಜಗಳದ ತೀರ್ಪು ಎಲ್ಲ ಮುಗಿದಿರಬೇಕು. ದೀಪ ಆರಿದ ಮೇಲೆ ಪ್ಲಾಸ್ಟಿಕ್ ಕವರುಗಳನ್ನು ಒಂದೊಂದಾಗಿ ಬಿಚ್ಚಿ ಹಲ್ಲುಜ್ಜುವ ಬ್ರಷ್ಷು ಹುಡುಕುವ ಮನುಷ್ಯ ಇಡೀ ಬೋಗಿಯ ಶಾಪಕ್ಕೆ ಗುರಿಯಾಗುತ್ತಾನೆ. ದಾರಿಯ ಚೀಲವನ್ನು ಬೇರೆ ಇಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ: ಬ್ರಷ್ಷು, ಪಾಣಿಪಂಚೆ, ಮಾತ್ರೆ, ಚಿಲ್ಲರೆ ಹಣ, ಸೀಟಿನ ಕೆಳಗಿನ ಸಾಮಾನಿಗೆ ಬಿಗಿಯಲು ಸರಪಳಿ, ಆ ಸರಪಳಿಯ ಬೀಗದ ಕೈ. ಬೀಗದ ಕೈಯನ್ನು ಬೀಗ ಹಾಕಿದ ಸೂಟ್‌ಕೇಸಿನೊಳಗೆ ಇಡುವವರೂ ಉಂಟು. ಅವರ ಬಗ್ಗೆ ಮಾತನಾಡದಿರುವುದು ಮರ್ಯಾದೆ. ಮೇಲಿನ ಬರ್ತು ಹತ್ತಲಾರದ ಹಿರಿಯರಿದ್ದರೆ ಈ ಶಿಸ್ತು ಇನ್ನೂ ಮೊದಲೇ, ಟಿಕೆಟ್ಟು ಕೊಳ್ಳುವಲ್ಲಿಯೇ ಶುರುವಾಗಬೇಕು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆ ಅರವತ್ತು ದಿನಗಳಿಗೆ ಇಳಿದಿದೆ, ಆದ್ದರಿಂದ ಏಪ್ರಿಲ್ ಪ್ರಯಾಣದ ಕೆಳಗಿನ ಬರ್ತಿನ ಯೋಚನೆ ಬರಬೇಕಾದದ್ದು ಫೆಬ್ರವರಿಯಲ್ಲಿ, ಮಕ್ಕಳ ಪರೀಕ್ಷೆಯ ವೇಳಾಪಟ್ಟಿಯೂ ಕೈಗೆ ಬಾರದಿರುವಾಗ.

ಮರಳುವಾಗಿನ ಚೀಲ ಹೋದ ಚೀಲವಲ್ಲ. ಬೇಸಿಗೆಯೆಂದರೆ ಹಪ್ಪಳ ಸಂಡಿಗೆಗಳ ಕಾಲ, ಮಿಡಿ ಉಪ್ಪಿನಕಾಯಿಯ ಕಾಲ, ಮಾವು ಹಲಸುಗಳ ಕಾಲ. “ಏನೂ ಬೇಡ ಅತ್ತೆ, ಜಾಗವಿಲ್ಲ” ಎಂದವರಿಗೆ “ಜಾಗ ನಾನು ಮಾಡಿಕೊಡುತ್ತೇನೆ, ನೀನು ಸುಮ್ಮನಿರು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆಂದೇ ಹೋಗುವಾಗ ಒಂದು ಖಾಲಿ ಚೀಲವನ್ನು ಮಡಿಸಿ ಇಟ್ಟುಕೊಳ್ಳುವುದು ಲೇಸು. ವಿಮಾನದಲ್ಲಿ ಮರಳುವವರು ಮಾತ್ರ ಸ್ವಲ್ಪ ಕಾನೂನು ತಿಳಿದಿರಬೇಕು. ಪವರ್ ಬ್ಯಾಂಕು ಕೈಚೀಲದಲ್ಲಿಯೇ ಇರಬೇಕು, ಉಪ್ಪಿನಕಾಯಿ ಕೈಚೀಲದಲ್ಲಿ ಇರಬಾರದು. ತಿಪಟೂರಿನ ಕಡೆಯ ನೆಂಟರು ಪ್ರೀತಿಯಿಂದ ಕೊಟ್ಟ ಒಣ ಕೊಬ್ಬರಿಗೆ ವಿಮಾನದ ಹೊಟ್ಟೆಯಲ್ಲಿ ಪ್ರವೇಶವೇ ಇಲ್ಲ. ಎಣ್ಣೆ ತುಂಬಿದ ಕೊಬ್ಬರಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಗೆ ಸೇರಿದೆ. ದೇವರ ಮುಂದೆ ಇಡುವ ಗಿಟಕು ತಪಾಸಣೆಯವರ ಮುಂದೆ ಅಪರಾಧಿಯಾಗಿ ನಿಲ್ಲುವುದನ್ನು ಆ ನೆಂಟರಿಗೆ ವಿವರಿಸುವುದು ಕಷ್ಟ. ಬಸ್ಸಿನಲ್ಲಿ ಇಂತಹ ನಿರ್ಬಂಧವಿಲ್ಲ, ಅಲ್ಲಿನ ಸಮಸ್ಯೆ ಹಲಸಿನದು. ಇಡೀ ಹಣ್ಣನ್ನು ಡಿಕ್ಕಿಗೆ ಹಾಕಿದರೆ ಎಲ್ಲರ ಸಾಮಾನಿಗೂ ಅದರ ಪರಿಮಳ, ಸೀಟಿನ ಕೆಳಗಿಟ್ಟರೆ ತಿರುವಿನಲ್ಲಿ ಅದು ಉರುಳಿ ಯಾರದೋ ಕಾಲಿಗೆ ಮುಳ್ಳು. ಹೊರಡುವ ದಿನ ಬೆಳಿಗ್ಗೆಯೇ ಕೈಗೆ ಎಣ್ಣೆ ಸವರಿಕೊಂಡು ಕೂತು, ತೊಳೆ ಬಿಡಿಸಿ, ಮುಚ್ಚಳ ಬಿಗಿಯಾಗುವ ಡಬ್ಬಿಗೆ ತುಂಬಿಕೊಳ್ಳುವುದೇ ಕ್ಷೇಮ. ಬೀಜವನ್ನು ಬೇರೆಯಾಗಿ ಒಣ ಬಟ್ಟೆಯಲ್ಲಿ ಕಟ್ಟಿಕೊಂಡರೆ ಮುಂದಿನ ವಾರದ ಸಾರಿಗಾಯಿತು.